ಮರ್ಸಿ ಹುಟ್ಟಿದ ದಿನ ಬಿದ್ದ ಗುಂಡು

ಐಡೆಲ್ಲಾ ಪೆಗ್ರಮ್ ಆ ಗುಂಡನ್ನು ದಿನಸಿ ಚೀಲದಲ್ಲಿ ಹಾಕಿ, ಮಡಿಲ ಮೇಲಿಟ್ಟುಕೊಂಡು, ಪೀಟರ್ಸ್‌ಬರ್ಗಿನ ಸಿಟಿ ಬಸ್ಸಿನಲ್ಲಿ ತಂದಿದ್ದಳು. ಥರ್ಮನ್ ಕ್ರೌಡರ್ ತನ್ನ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದವನು ಚೀಲದ ಜೋಲು ನೋಡಿ ನಕ್ಕ.

"ಏನಮ್ಮಾ ಐಡೆಲ್ಲಾ, ಹಂದಿ ತೊಡೆ ತಂದ್ಯಾ?"

"ಹಂದಿ ತೊಡೆ ಆಗಿದ್ರೆ ನಿನ್ ಹತ್ರ ಯಾಕೋ ತರ್ತಿದ್ದೆ? ಮನೇಲೇ ತಿಂದು ಮುಗಿಸ್ತಿದ್ದೆ. ಸರಿ ಆಚೆಗೆ."

ಅವಳ ಗಂಡನೂ ಥರ್ಮನ್ನನೂ ಒಂದೇ ರೈಲ್ವೆ ಕಾರ್ಖಾನೆಯಲ್ಲಿ ದುಡಿದವರು, ಆ ಸಲಿಗೆ. ಅವಳು ಗುಂಡನ್ನು ಮೇಜಿನ ಮೇಲಿಟ್ಟಳು. ಸುತ್ತಲೂ ಹಲಗೆಗಳ ಮೇಲೆ ಅದರ ಅಣ್ಣತಮ್ಮಂದಿರು ಸಾಲಾಗಿ ಕೂತಿದ್ದರು. ನೂರು ವರ್ಷದ ಹಿಂದಿನ ಅಮೆರಿಕದ ಅಂತರ್ಯುದ್ಧದ ತೋಪಿನ ಗುಂಡುಗಳು, ಥರ್ಮನ್ನನ ಒಂದು ಜೀವಮಾನದ ಗಳಿಕೆ. ಆ ಊರಿನಲ್ಲಿ ಕಡಲೆಕಾಯಿಗೆ ಉತ್ತರೂ ಕಬ್ಬಿಣ ಏಳುತ್ತದೆ. ಗುಂಡಿನ ಬುಡದ ಹಿತ್ತಾಳೆ ಬಳೆಯ ಮೇಲೆ ತೋಪಿನ ನಳಿಗೆಯ ತಿರುಪು ಗೀರುಗಳು ಮೂಡಿರುತ್ತವೆ. ಅವನ್ನು ಬೆರಳಲ್ಲಿ ಸವರಿ ಯಾವ ತೋಪಿನದೆಂದು ಹೇಳುವುದು ಅವನ ವಿದ್ಯೆ. ಮೊದಲ ನೋಟಕ್ಕೇ ಹೇಳಿಬಿಡುವುದು ಅವನ ಜಂಬ.

"ಇದು ನಮ್ಮಮ್ಮ ಹುಟ್ಟಿದ ದಿನ ಬಿದ್ದಿದ್ದು," ಅಂದಳು ಐಡೆಲ್ಲಾ. "ಗುಲಾಮಗಿರಿಯಿಂದ ನಮ್ಮನ್ನ ಬಿಡಿಸೋಕೆ ಬಂದ ಉತ್ತರದ ಸೈನ್ಯದವರ ಗುಂಡೇ ನಮ್ಮ ಮನೆ ಮೇಲೆ ಬಿತ್ತು ನೋಡು. ಸೂರು ಸೀಳ್ಕೊಂಡು ಹೆರಿಗೆ ಮಂಚದ ಪಕ್ಕಕ್ಕೇ ಬಂತು. ಸಿಡೀಲಿಲ್ಲ. ಅದಕ್ಕೇ ಮಗೂಗೆ ಮರ್ಸಿ, ಅಂದ್ರೆ ಕರುಣೆ, ಅಂತ ಹೆಸರಿಟ್ರು. ಪ್ರತಿ ವರ್ಷ ಆ ದಿನ ಇದಕ್ಕೆ ಕಪ್ಪು ಬಣ್ಣ ಬಳಿದು, ಎಲ್ಲರೂ ಮುಟ್ಟಿ, ದೇವರಿಗೆ ಸ್ತೋತ್ರ ಹೇಳಿ ಊಟಕ್ಕೆ ಕೂರ್ತೀವಿ. ಹೋದ ವರ್ಷ ನಮ್ಮಣ್ಣನ ಮಗ ವಾಷಿಂಗ್ಟನ್ನಿಂದ ಬಂದವನು ಏನಂದ ಗೊತ್ತಾ? 'ಅತ್ತೆ, ಇದು ಬರೀ ಕಬ್ಬಿಣದ ಉಂಡೆ. ಇದರಲ್ಲಿ ಸಿಡಿಯೋಕೆ ಏನಿತ್ತು?' ಅಂದ. ತಟ್ಟೆ ಬಿಟ್ಟು ಎದ್ದುಬಿಟ್ಟೆ ನಾನು."

ಥರ್ಮನ್ ಬಗ್ಗಿ ನೋಡಿದ. ಮೂತಿಯಲ್ಲಿ ತೂತಿಲ್ಲ, ತಿರುಪಿಲ್ಲ; ನುಣ್ಣಗೆ ಬೋಳು. ಗೋಡೆ ಒಡೆಯಲು ಬಳಸುತ್ತಿದ್ದ ಗಟ್ಟಿ ಗುಂಡುಗಳ ಲಕ್ಷಣವೇ ಅದು. ಅವುಗಳೊಳಗೆ ಮದ್ದು ಇರುವುದೇ ಇಲ್ಲ.

"ಹುಡುಗ ಹೇಳಿದ್ದು ಸರಿ ಕಣಮ್ಮ. ಗಟ್ಟಿ ಗುಂಡು. ಸಿಡಿಯೋ ಜಾತೀನೇ ಅಲ್ಲ."

ಐಡೆಲ್ಲಾ ಟೋಪಿ ಸರಿಮಾಡಿಕೊಂಡಳು. ಹಾಗಾದರೆ ಕರುಣೆಯೂ ಇರಲಿಲ್ಲ, ಪವಾಡವೂ ಇರಲಿಲ್ಲ. ಅಜ್ಜಿಯ ಕಣ್ಣೀರು, ಅಮ್ಮನ ಹೆಸರು, ಇಷ್ಟು ವರ್ಷದ ಸ್ತೋತ್ರ ಎಲ್ಲವೂ ಒಂದು ಕಬ್ಬಿಣದ ಉಂಡೆಗೆ. ಅವಳ ಮುಖ ನೋಡಲಾರದೆ ಥರ್ಮನ್, ಬಸ್ಸಿನ ತನಕ ತಾನೇ ಹೊತ್ತು ಕೊಡುತ್ತೇನೆಂದು ಗುಂಡನ್ನು ಎರಡೂ ಕೈಯಲ್ಲಿ ಎತ್ತಿದ.

ಎತ್ತಿದವನು ಅಲ್ಲೇ ನಿಂತ. ಅವನ ತೋಳುಗಳು ಇಂಥ ನೂರಾರು ಗುಂಡುಗಳನ್ನು ಎತ್ತಿದ್ದವು. ಇದು ಹಗುರವಿತ್ತು.

ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುವುದು ಸುಮ್ಮನೆ ಅಲ್ಲ. ತಕ್ಕಡಿಯಲ್ಲಿಟ್ಟ, ಗಟ್ಟಿ ಗುಂಡಿಗಿಂತ ಮೂರು ಪೌಂಡು ಕಡಿಮೆ ಬಂತು. ಮೂತಿಗೆ ಬಣ್ಣ ಕರಗಿಸುವ ಎಣ್ಣೆ ಬಳಿದ. ಕಪ್ಪು ಪದರ ಪದರವಾಗಿ, ನೂರು ಹುಟ್ಟುಹಬ್ಬಗಳ ಬಣ್ಣ ಒರೆಸು ಬಟ್ಟೆಗೆ ಬಂತು. ಅಡಿಯಲ್ಲಿ, ಮದ್ದು ತುಂಬಿದ ತೂತು ಮುಚ್ಚುವ ಹಿತ್ತಾಳೆಯ ಬಿರಡೆ ಹೊಳೆಯಿತು.

"ಐಡೆಲ್ಲಾ," ಅಂದ, ದನಿ ಇಳಿಸಿ. "ಇದು ಟೊಳ್ಳು. ತುಂಬಿದ ಗುಂಡು. ಇದನ್ನ ಮನೇಲಿ ಎಲ್ಲಿ ಇಟ್ಟಿದ್ರಿ?"

"ಅಡುಗೆಮನೆ ಬಾಗಿಲಿಗೆ ಒತ್ತು. ಚಳಿಗಾಲದಲ್ಲಿ ಒಲೆ ಪಕ್ಕ." ಅವಳು ತಡೆದಳು. "ಮಕ್ಕಳು ಕುದುರೆ ಅಂತ ಹತ್ತಿ ಕೂರ್ತಿದ್ವು. ವಾಲ್‌ನಟ್ ಒಡೀತಿದ್ದಿದ್ದೂ ಇದರಲ್ಲೇ ಕಣೋ."

ಸೆರಗಿನಲ್ಲಿ ಕೆಂಡ ಕಟ್ಟಿಕೊಳ್ಳುವುದು ಎಂದರೆ ಇದೇ. ಮೂರು ತಲೆಮಾರು ಕಟ್ಟಿಕೊಂಡೇ ಇತ್ತು.

ಹೊಲದ ಕೊನೆಯ ಹಳ್ಳದಲ್ಲಿ, ಗುಂಡನ್ನು ಕೊರೆದು ಮದ್ದು ತೊಳೆಯುವ ಥರ್ಮನ್ನನ ಯಂತ್ರವಿತ್ತು. ದೂರದ ಮಣ್ಣುಗೋಡೆಯ ಹಿಂದೆ ಅದರ ಸ್ವಿಚ್ಚು. ಕಿಡಿ ಹಾರದಂತೆ ಕೊರೆಯುವ ಜಾಗದ ಮೇಲೆ ನೀರು ಸುರಿಯುತ್ತಲೇ ಇರಬೇಕು. ಲೆಕ್ಕವಿಲ್ಲದಷ್ಟು ಸಲ ಮಾಡಿದ ಕೆಲಸ, ಆದರೂ ಅವತ್ತು ನೀರಿನ ಕೊಳವೆಯನ್ನು ಎರಡೆರಡು ಸಲ ನೋಡಿದ. ಮನೆಗೆ ಹೋಗೆಂದರೆ ಐಡೆಲ್ಲಾ ಕೇಳಲಿಲ್ಲ. "ಇದರ ಜೊತೆ ಮಲಗಿ ಎದ್ದೋಳು ನಾನು, ಈಗ ಓಡ್ಲಾ?" ಎಂದು ಗೋಡೆಯ ಹಿಂದೆ ಅವನ ಪಕ್ಕದಲ್ಲೇ ಕೂತಳು. ಯಂತ್ರದ ಕಿರುಚು ಒಮ್ಮೆಲೇ ಸಡಿಲಿತು. ಹೋಗಿ ನೋಡಿದರೆ ಒಳಗಿನ ಮದ್ದು ಕಲೆತು, ತೂತಿನಿಂದ ಕಾಡಿಗೆಯಂಥ ನೀರು ಹರಿಯುತ್ತಿತ್ತು.

"ಇನ್ನೂ ಉರಿಯುತ್ತಾ ಅದು?" ಕೇಳಿದಳು ಐಡೆಲ್ಲಾ.

ಥರ್ಮನ್ ಗುಂಡಿನೊಳಗೆ ಮತ್ತೆ ಮತ್ತೆ ನೀರು ತುಂಬಿಸಿ ತೊಳೆದ. ಒಂದು ಚಮಚದಷ್ಟು ಕರಿಯನ್ನು ಮಾತ್ರ ತಗಡಿನ ಮೇಲೆ ಹರವಿ ಜುಲೈ ಬಿಸಿಲಿಗಿಟ್ಟ. ಅದು ಒಣಗುವವರೆಗೆ ಇಬ್ಬರೂ ಐಸ್ ಹಾಕಿದ ಸಿಹಿ ಚಹಾ ಕುಡಿದರು. ಆಮೇಲೆ ಅವನು ಉದ್ದ ಕೋಲಿನ ತುದಿಗೆ ಬೆಂಕಿ ಹಚ್ಚಿ ಚಾಚಿದ. ಬುಸ್ಸೆಂದು ಬಿಳಿ ಬೆಂಕಿ ಎದ್ದು, ಹೊಗೆ ಸುತ್ತಿ, ಕೊಳೆತ ಮೊಟ್ಟೆಯ ವಾಸನೆ ಹರಡಿತು.

"ಯೇಸುವೇ!" ಐಡೆಲ್ಲಾ ಬೆಂಚು ಹಿಡಿದುಕೊಂಡಳು. "ಹಾಗಾದ್ರೆ ಯಾಕೋ ಸಿಡೀಲಿಲ್ಲ ಅದು?"

ಥರ್ಮನ್ನನಿಗೂ ಅದೇ ಪ್ರಶ್ನೆ. ತೊಳೆದ ಗುಂಡಿನ ಬಿರಡೆಯನ್ನು ಮೆಲ್ಲಗೆ ತಿರುಗಿಸಿ ತೆಗೆದ. ಒಳಗಿನಿಂದ ಬೆರಳುದ್ದದ ಹಿತ್ತಾಳೆ ತುಂಡೊಂದು ಅಂಗೈಗೆ ಜಾರಿತು. ಅದರ ತಲೆಯ ಮೇಲೊಂದು ಪುಟ್ಟ ತೊಟ್ಟು. ಗುಂಡು ಬಿದ್ದ ರಭಸಕ್ಕೆ ಈ ತುಂಡು ಮುಂದಕ್ಕೆ ನುಗ್ಗಿ ಬಡಿಯಬೇಕು. ತೊಟ್ಟಿನ ಮೇಲಿನ ತಾಮ್ರದ ಸಿಡಿಕೇಪು ಕಿಡಿ ಹಾರಿಸಬೇಕು. ಆ ಕಿಡಿ ಮದ್ದಿಗೆ ತಗಲಬೇಕು. ತುಂಡಿನ ಅಂಚಿನಲ್ಲಿ ಬಡಿದ ಗುರುತಿತ್ತು. ನುಗ್ಗುವುದು ನುಗ್ಗಿತ್ತು. ತೊಟ್ಟು ಬರಿದಾಗಿತ್ತು, ಹೊಸದರಂತೆ ಥಳಥಳ. ಒಡೆದ ಕೇಪಿನ ಚೂರಾಗಲಿ, ಮಸಿಯಾಗಲಿ ಎಲ್ಲೂ ಇಲ್ಲ.

"ಕೇಪೇ ಹಾಕಿಲ್ಲ," ಅಂದ ಥರ್ಮನ್. "ಎಲ್ಲಾ ಸರಿಯಾಗಿದೆ. ಇದೊಂದು ಹಾಕಿಲ್ಲ."

"ಯಾರು ಹಾಕ್ಬೇಕಿತ್ತು?"

"ಮದ್ದಿನ ಮನೇಲಿ ಯಾರೋ. ಇಲ್ಲಾ ತೋಪಿನ ಹತ್ರ ಯಾರೋ ಸಿಪಾಯಿ. ಕೈಯಿಂದಲೇ ಹಾಕ್ಬೇಕು ಇದನ್ನ, ಒಂದೊಂದಾಗಿ."

"ಮರೆತನಾ? ಬೇಕಂತ ಬಿಟ್ಟನಾ?"

ಎಂಥ ಗುಂಡನ್ನೂ ಹೆಸರು ಹಿಡಿದು ಕರೆಯಬಲ್ಲ ಥರ್ಮನ್ ಗೊತ್ತಿಲ್ಲವೆಂದು ತಲೆಯಾಡಿಸಿದ. ಅದನ್ನು ಯಾವ ಗೀರೂ ಹೇಳುವುದಿಲ್ಲ.

ಐಡೆಲ್ಲಾ ಆ ತೊಟ್ಟಿನ ಮೇಲೆ ಕಿರುಬೆರಳಿಟ್ಟಳು. ಅಮ್ಮ, ಅಮ್ಮನ ಏಳು ಮಕ್ಕಳು, ಅವರ ಮಕ್ಕಳು, ಎದುರು ಮಾತಾಡಿದ ಆ ವಾಷಿಂಗ್ಟನ್ ಹುಡುಗನೂ ಸೇರಿ ಎಲ್ಲರೂ ಆ ಕಡಲೆಕಾಳಿನಷ್ಟು ಜಾಗದಿಂದ ಹೊರಬಂದವರು.

"ಇಷ್ಟು ವರ್ಷ ದೇವರಿಗೆ ಸ್ತೋತ್ರ ಹೇಳಿದ್ವಿ," ಅಂದಳು. "ಈ ಕೇಪು ಹಾಕದೋನಿಗೋಸ್ಕರ ಒಂದು ಮಾತೂ ಬೇಡಿಕೊಳ್ಳಲಿಲ್ಲ ಕಣೋ ಥರ್ಮನ್. ಆಮೇಲೆ ಅವನು ಬದುಕಿ ಮನೆ ಸೇರಿದನೋ ಇಲ್ವೋ."

ಅವಳು ಶೆಡ್ಡಿನ ಎಣ್ಣೆ ನೆಲದ ಮೇಲೇ ಮೊಣಕಾಲೂರಿದಳು. ಮದುವೆಯ ದಿನ ಬಿಟ್ಟರೆ ಚರ್ಚಿನ ಮೆಟ್ಟಿಲು ಹತ್ತದ ಥರ್ಮನ್, ಹಿತ್ತಾಳೆ ತುಂಡನ್ನು ಅಂಗೈಯಲ್ಲಿ ಹಿಡಿದುಕೊಂಡೇ ಅವಳ ಪಕ್ಕ ಮೊಣಕಾಲೂರಿದ.