ಸೆರಗು ಕೊಡವುವ ಬಾಗಿಲು

ಸಂಜೆ ಐದೂವರೆಗೆ ರೈಟರ್ ಹುಚ್ಚರಂಗಯ್ಯ ಜಗಲಿಯಲ್ಲಿ ತೂಗುಹಾಕಿದ್ದ ಕಂಬಿಯ ತುಂಡನ್ನು ಬಡಿದನೆಂದರೆ, ಶಿವರುದ್ರಮ್ಮ ಹಿಂದಿನ ಕೋಣೆಯಿಂದ ಬಂದು ಕೊಬ್ಬರಿ ಮಂಡಿಯ ಬಾಗಿಲ ಪಕ್ಕದ ಮಣೆಯ ಮೇಲೆ ಕೂರುತ್ತಿದ್ದಳು. ಅಂಗಳದಲ್ಲಿ ಬೆಳಗಿನಿಂದ ತೆಂಗಿನಕಾಯಿಯ ಚಿಪ್ಪು ಕೆತ್ತಿ ಕೊಬ್ಬರಿ ಬಿಡಿಸುತ್ತಿದ್ದ ಹೆಂಗಸರು ಮಚ್ಚುಗಳನ್ನು ಮೂಲೆಗಿಟ್ಟು, ಮೈಮೇಲಿನ ಹೊಟ್ಟು ಒರೆಸಿಕೊಂಡು ಸಾಲಾಗಿ ಬರುತ್ತಿದ್ದರು. ಒಬ್ಬೊಬ್ಬಳೂ ಅವಳೆದುರು ನಿಂತು, ಸೊಂಟಕ್ಕೆ ಸಿಕ್ಕಿಸಿದ್ದ ಸೆರಗನ್ನು ಬಿಚ್ಚಿ, ಮಡಿಲನ್ನು ಹರಡಿ, ಎರಡು ಸಲ ಕೊಡವಬೇಕು. ಏನೂ ಬೀಳದಿದ್ದರೆ ಶಿವರುದ್ರಮ್ಮ "ಹೂಂ" ಅನ್ನುವಳು. ಆ ಹೂಂ ಬಿದ್ದ ಮೇಲೆ ಅವಳು ಹೊರಗೆ, ಮುಂದಿನವಳು ಎದುರಿಗೆ.

ಒಂಬತ್ತು ವರ್ಷದಿಂದ ಇದು ಹೀಗೇ ನಡೆದಿತ್ತು. ಹಿರಿಯ ಸಾಹುಕಾರರು ಬದುಕಿದ್ದಾಗ ಯಾವಳದೋ ಮಡಿಲಲ್ಲಿ ಎರಡು ಹೋಳು ಕೊಬ್ಬರಿ ಸಿಕ್ಕಿತಂತೆ. ಅಂದಿನಿಂದ ಈ ಪದ್ಧತಿ. ಗಂಡಸು ನಿಂತು ನೋಡುವುದು ಚೆಂದವಲ್ಲ ಎಂದು ಅವರು ತಮ್ಮ ಚಿಕ್ಕಪ್ಪನ ಮಗಳು, ಗಂಡ ಸತ್ತು ಹಾಲ್ಕುರಿಕೆಯಲ್ಲಿ ಅಣ್ಣನ ಮನೆ ಸೇರಿದ್ದ ಶಿವರುದ್ರಮ್ಮನನ್ನು ಕರೆಸಿ, ಮಂಡಿಯ ಹಿಂದೆ ಒಂದು ಕೋಣೆ ಕೊಟ್ಟು, ಮನೆಯಿಂದ ಎರಡು ಹೊತ್ತು ಊಟ ಕಳಿಸುವ ಏರ್ಪಾಟು ಮಾಡಿದ್ದರು. ಅದನ್ನು ಎಲ್ಲರೂ ಮರ್ಯಾದೆಯ ಕೆಲಸವೆಂದೇ ತಿಳಿದಿದ್ದರು. ಶಿವರುದ್ರಮ್ಮನೂ ತಿಳಿದಿದ್ದಳು. ಅಣ್ಣ ತೀರಿಕೊಂಡ ಮೇಲೆ ಹಾಲ್ಕುರಿಕೆಯ ಬಾಗಿಲು ಅವಳಿಗಿರಲಿಲ್ಲ. ಬೆಳಿಗ್ಗೆ ಎದ್ದು ವಿಭೂತಿ ಧರಿಸಿ ಲಿಂಗಪೂಜೆ, ಸಂಜೆ ಮಣೆ. ನಡುವಿನ ಹೊತ್ತು ಹೇಗೆ ಕಳೆಯುತ್ತಿತ್ತೋ ಅವಳಿಗೇ ತಿಳಿಯುತ್ತಿರಲಿಲ್ಲ. ಕೆಲಸದ ಹೆಂಗಸರ ಮುಖವನ್ನು ಅವಳು ನೋಡುತ್ತಿರಲಿಲ್ಲ. ಸೀರೆಯ ಅಂಚಿನಿಂದ, ಹಿಮ್ಮಡಿಯ ಬಿರುಕಿನಿಂದ ಯಾರೆಂದು ಗುರುತಿಸುತ್ತಿದ್ದಳು.

ಆ ದಿನವೂ ಅವಳು ಮುಖ ನೋಡಲಿಲ್ಲ.

ಎದುರಿಗೆ ನಿಂತದ್ದು ಹಸಿರು ಸೀರೆಯ ಚಿತ್ತಮ್ಮ. ಗೊಲ್ಲರಹಟ್ಟಿಯ ಹುಡುಗಿ, ಬಸುರಿ. ಸೆರಗನ್ನು ಬಿಚ್ಚದೆ, ಎರಡು ಕೈಯಲ್ಲೂ ಮಡಿಲನ್ನು ಅವುಚಿಕೊಂಡು ನಿಂತಿದ್ದಳು.

"ಕೊಡವು" ಎಂದಳು ಶಿವರುದ್ರಮ್ಮ.

ಹಿಂದಿದ್ದ ಕ್ಯಾತಮ್ಮ, ಆ ಗುಂಪಿನಲ್ಲೆಲ್ಲ ವಯಸ್ಸಾದವಳು, ಮುಂದೆ ಬಂದಳು. "ಅದು ಮಡಿಲಕ್ಕಿ ಕಣ್ರಮ್ಮ. ಏಳು ತಿಂಗಳಾಯ್ತು ಇವಳಿಗೆ. ತವರೊಳಗೆ ಯಾರೂ ಇಲ್ಲ. ಅದಕ್ಕೇ ಮಧ್ಯಾಹ್ನ ಊಟದೊತ್ನಲ್ಲಿ ನಾವೇ ತುಂಬಿದ್ವಿ. ಮನೆ ದೇವ್ರ ಮುಂದೆ ಇಡೋಗಂಟ ಬಿಚ್ಚಂಗಿಲ್ಲ."

ಜಗಲಿಯಿಂದ ಹುಚ್ಚರಂಗಯ್ಯ ಕತ್ತು ಚಾಚಿದ. "ಅಕ್ಕಿ ಸರಿ ಕಣಮ್ಮ, ಉಬ್ಬಿರೋದೇನು? ಕೊಬ್ರಿ ಗಿಟುಕಲ್ವಾ?"

"ಗಿಟುಕಿಲ್ದೆ ಯಾವೂರಲ್ಲಿ ಮಡಿಲು ತುಂಬ್ತಾರೆ ಸಾಮಿ? ನಮ್ಮ ಹಿತ್ತಲ ಮರದ್ದು ಅದು. ನನ್ನಟ್ಟದಲ್ಲಿ ಒಣಗಿದ್ದು."

"ಅದರ ಮೇಲೆ ನಿಮ್ಮ ಅಟ್ಟದ ಹೆಸರು ಬರ್ದೈತಾ? ಇವತ್ತು ಇವಳನ್ನ ಬಿಟ್ರೆ ನಾಳೆ ಎಲ್ಲಾರ್ಗೂ ಏಳು ತಿಂಗಳಾಗ್ತದೆ." ತನ್ನ ಮಾತಿಗೆ ತಾನೇ ಸ್ವಲ್ಪ ನಕ್ಕ. "ಅಮ್ನೋರೆ, ಕೊಡವ್ಸಿ."

ಶಿವರುದ್ರಮ್ಮನ ನೆನಪಿನಲ್ಲಿ ಆಮೇಲೆ ಉಳಿದದ್ದು ಇಷ್ಟೇ: ತಾನು ಒಂದು ಗಳಿಗೆಯೂ ಯೋಚಿಸಲಿಲ್ಲ. ನಾಲಿಗೆಗೆ ದಾರಿ ಗೊತ್ತಿತ್ತು, ಗಾಣದೆತ್ತಿಗೆ ಗೊತ್ತಿರುವ ಹಾಗೆ. "ಕೊಡವು" ಎಂದುಬಿಟ್ಟಿತು.

ಚಿತ್ತಮ್ಮ ಕೊಡವಿದಳು. ಅಕ್ಕಿ, ಅರಿಶಿನದ ಕೊಂಬು, ಬೆಲ್ಲದಚ್ಚು, ಎಲೆ ಅಡಿಕೆ, ಎಲ್ಲ ಹೊಸ್ತಿಲ ಮೇಲೆ ಚೆಲ್ಲಿತು. ಇಡೀ ಕೊಬ್ಬರಿಯ ಗಿಟುಕು ಉರುಳಿ ಜಗಲಿಯ ಮೆಟ್ಟಿಲಿಗೆ ತಾಗಿ ನಿಂತಿತು. ಹುಚ್ಚರಂಗಯ್ಯ ಅದನ್ನೆತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿ, ಮಂಡಿಯ ರಾಶಿಗೆ ಎಸೆದ. ಚಿತ್ತಮ್ಮ ಬಗ್ಗಲಾರದೆ ಬಗ್ಗಹೋದಾಗ ಕ್ಯಾತಮ್ಮ ಅವಳ ತೋಳು ಹಿಡಿದಳು.

"ಎತ್ಬ್ಯಾಡ ಬುಡವ್ವ. ಚೆಲ್ಲಿದ ಮಡಿಲಕ್ಕೀನ ಎತ್ತಬಾರ್ದು."

ಯಾರೂ ಕೂಗಲಿಲ್ಲ. ಉಳಿದವರೂ ಒಬ್ಬೊಬ್ಬರಾಗಿ ಬಂದು, ಅಕ್ಕಿ ತುಳಿಯದಂತೆ ಕಾಲು ಎತ್ತಿಟ್ಟು, ಸೆರಗು ಕೊಡವಿ ಹೋದರು. ಶಿವರುದ್ರಮ್ಮ ಪ್ರತಿಯೊಬ್ಬಳಿಗೂ "ಹೂಂ" ಎಂದಳು. ಆಮೇಲೆ ಪೊರಕೆ ತಂದು ಹೊಸ್ತಿಲು ಗುಡಿಸಿದಳು. ಮೊರದಲ್ಲಿ ಬಂದ ಅಕ್ಕಿಯನ್ನು ಎಲ್ಲಿ ಹಾಕುವುದೆಂದು ತಿಳಿಯದೆ ಸ್ವಲ್ಪ ಹೊತ್ತು ನಿಂತು, ಹಿತ್ತಲಲ್ಲಿ ಗುಬ್ಬಚ್ಚಿಗಳಿಗೆ ಚೆಲ್ಲಿದಳು. ಊಟ ಬಂತು, ಉಂಡಳು. ರುಚಿ ಹೇಗಿತ್ತೆಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಅದು ಹೊಸದೇನೂ ಅಲ್ಲ.

ಮರುದಿನ ಬೆಳಿಗ್ಗೆ ಮಂಡಿಯೊಳಗೆ ಯಾರೂ ಬರಲಿಲ್ಲ. ರಸ್ತೆಯ ಆಚೆ ಹೊಂಗೆಮರದ ಕೆಳಗೆ ಮೂವತ್ತು ಹೆಂಗಸರೂ ಕೂತಿದ್ದರು. ಬಾವುಟವಿಲ್ಲ, ಘೋಷಣೆಯಿಲ್ಲ. ಒಬ್ಬಳು ಇನ್ನೊಬ್ಬಳ ತಲೆ ನೋಡುತ್ತಿದ್ದಳು, ಮತ್ತೊಬ್ಬಳು ಬುತ್ತಿ ಬಿಚ್ಚುತ್ತಿದ್ದಳು.

ಹಿರಿಯರ ಮಗ, ಈಗಿನ ಸಾಹುಕಾರ ತೋಂಟದಾರ್ಯ ಸ್ಕೂಟರಿನಲ್ಲಿ ಬಂದು ನೋಡಿ, ಅರ್ಥವಾಗದೆ ನಿಂತ. ಕೆಟ್ಟವನಲ್ಲ. ಅಪ್ಪ ಸತ್ತ ಮೇಲೂ ಶಿವರುದ್ರಮ್ಮನಿಗೆ ದೀಪಾವಳಿಗೊಂದು ಸೀರೆ ತಪ್ಪಿಸಿದವನಲ್ಲ. ಕೆಲಸದವರಿಗೆ ಕಾಯಿಲೆಯೆಂದರೆ ಮಾತ್ರೆ ತರಿಸಿಕೊಡುತ್ತಿದ್ದ. ಎರಡು ದಿನ ತಾನಾಗಿ ಸರಿಹೋದೀತೆಂದು ಕಾದ. ಮೂರನೆಯ ದಿನ ಶಿವರುದ್ರಮ್ಮನನ್ನು ತಾನು ಕೂತು ವ್ಯಾಪಾರ ಮಾಡುವ ಗದ್ದುಗೆಯ ಹತ್ತಿರ ಕರೆದ.

"ಅತ್ತೆ, ಇವರಿಗೆ ಇಷ್ಟು ಬುದ್ಧಿ ತಾವಾಗೇ ಬರಲ್ಲ. ಯಾರೋ ಎತ್ತಿಕಟ್ಟಿದಾರೆ. ಇಂಥಾದಕ್ಕೆಲ್ಲ ಒಬ್ಬರು ಇದ್ದೇ ಇರ್ತಾರೆ. ಆ ಒಬ್ಬರು ಯಾರು ಅಂತ ಗೊತ್ತಾದ್ರೆ ಸಾಕು, ಮಿಕ್ಕಿದ್ದು ನಾನು ನೋಡ್ಕೋತೀನಿ. ನೀವು ಹೋಗಿ ಕೂತು ಮಾತಾಡ್ಸಿ, ಹೆಸರು ತಿಳ್ಕೊಂಡು ಬನ್ನಿ."

"ನಾನು ಹೋದ್ರೆ ಹೇಳ್ತಾರಾ?"

"ಹೆಂಗಸು ಹೆಂಗಸಿಗೆ ಹೇಳದೆ ಇನ್ಯಾರಿಗೆ ಹೇಳ್ತಾರೆ?" ಅವನು ರಸೀತಿ ಪುಸ್ತಕ ಮಡಿಸಿಟ್ಟ. "ನೋಡಿ ಅತ್ತೆ, ಆ ಹಿಂದಿನ ಕೋಣೇನ ಗೋಡೌನ್ ಮಾಡಬೇಕು ಅಂತ ರೈಟರ್ ಆವತ್ತಿಂದ ಹೇಳ್ತಾವ್ನೆ. ನಾನೇ ಬೇಡ, ಅತ್ತೆ ಇದಾರೆ ಅಂದಿದೀನಿ. ಬಾಗಿಲೇ ನಡೀದೆ ಇದ್ರೆ ಬಾಗಿಲು ಕಾಯೋರಿಗೆ ಕೋಣೆ ಯಾಕೆ ಅಂತ ಅವನು ಕೇಳಿದ್ರೆ ನಾನೇನು ಹೇಳ್ಲಿ?"

ಮಾತು ಮೆತ್ತಗಿತ್ತು. ಶಿವರುದ್ರಮ್ಮ ತಲೆಯಾಡಿಸಿ ಹೊರಟಳು.

ಅಜ್ಜಿಯರು ಹೇಳುವ ಕಥೆಯಲ್ಲಿ ರಾಕ್ಷಸನ ಪ್ರಾಣ ಅವನ ಮೈಯಲ್ಲಿರುವುದಿಲ್ಲ. ಏಳು ಸಮುದ್ರದಾಚೆ, ಏಳು ಮರದ ನಡುವೆ, ಒಂದು ಗಿಳಿಯ ಎದೆಯಲ್ಲಿರುತ್ತದೆ. ಆ ಗಿಳಿಯ ಕತ್ತು ಹಿಸುಕಿದರೆ ಎಲ್ಲೋ ಮಲಗಿದ್ದ ರಾಕ್ಷಸ ಅಲ್ಲೇ ಕುಸಿಯುತ್ತಾನೆ. ತೋಂಟದಾರ್ಯನೂ ಆ ಕಥೆ ಕೇಳಿ ಬೆಳೆದವನೇ ಇರಬೇಕು. ಗಿಳಿಯನ್ನು ಹುಡುಕಲು ಅತ್ತೆಯನ್ನು ಕಳಿಸಿದ್ದ. ರಸ್ತೆ ದಾಟುವುದು ಇಪ್ಪತ್ತು ಹೆಜ್ಜೆ. ಒಂಬತ್ತು ವರ್ಷದಲ್ಲಿ ಶಿವರುದ್ರಮ್ಮ ಆ ಕಡೆಗೆ ಹೋದವಳಲ್ಲ.

ಅವಳು ಮರದ ನೆರಳಿನ ಅಂಚಿನಲ್ಲಿ, ಅರ್ಧ ಬಿಸಿಲಿನಲ್ಲಿ ನಿಂತಳು.

"ಇಲ್ಲಿ ಬಂದು ಕೂತ್ಕಳಿ ಅಂತ ನಿಮಗೆ ಹೇಳ್ದೋರು ಯಾರು?" ನೇರವಾಗಿ ಕೇಳಿದಳು. ಸುತ್ತಿಬಳಸಿ ಕೇಳುವುದು ಅವಳಿಗೆ ಬರುತ್ತಿರಲಿಲ್ಲ.

ಹಿಂದಿನಿಂದ ಯಾರೋ ಅಂದರು: "ಈ ಹೊಂಗೆಮರವೇ ಕಣ್ರೀ ನಮ್ಮ ಲೀಡರ್ರು. ಬರ್ಕಂಡೋಗಿ." ಇನ್ನೊಬ್ಬಳು, "ಅದಕ್ಕೂ ಸೆರಗಿದ್ದಿದ್ರೆ ಕೊಡವಿಸ್ತಿದ್ರೇನೋ" ಎಂದಳು. ಒಂದಷ್ಟು ಜನ ನಕ್ಕರು. ಚಿತ್ತಮ್ಮ ಬುಡಕ್ಕೊರಗಿ ಕೂತಿದ್ದವಳು ನಗಲೂ ಇಲ್ಲ, ತಲೆಯೆತ್ತಲೂ ಇಲ್ಲ.

ಕ್ಯಾತಮ್ಮ ಎಲೆಗೆ ಸುಣ್ಣ ಸವರುತ್ತಿದ್ದಳು. "ನಿಜ ಹೇಳ್ತೀನಿ ಕೇಳಿ ರುದ್ರಮ್ನೋರೆ. ಅವತ್ತು ಮನೆಗೆ ಹೋದ್ನಾ, ಮುದ್ದೆ ಇಳೀನಿಲ್ಲ. ನಾನೊಬ್ಳು ನಾಳೆಯಿಂದ ಆ ಹೊಸ್ಲು ತುಳಿಯಾಕಿಲ್ಲ ಅಂದ್ಕಂಡೆ. ಮಚ್ಚು ನಂದೇ ಅಲ್ವಾ, ಅದನ್ನ ಇಸ್ಕಂಡು ಹೋಗಾನ ಅಂತ ಬೆಳಿಗ್ಗೆ ಬಂದೆ. ಬಂದು ನೋಡ್ತೀನಿ, ಈ ಚಿಕ್ಕಗೌರಿ ಇಲ್ಲಿ ನಿಂತವ್ಳೆ. ಯಾಕ್ಲೇ ಅಂದ್ರೆ, ನಾನು ಒಳಗ್ಹೋಗಲ್ಲ ಅಂತಾಳೆ. ಆಮೇಲೆ ಇನ್ನಿಬ್ರು ಬಂದ್ರು, ಅವರ್ದೂ ಅದೇ ಮಾತು. ಒಬ್ರಿಗೊಬ್ರು ಹೇಳ್ಕಂಡಿಲ್ಲ. ಎಲ್ಲಾರೂ ನಾನೊಬ್ಳೇ ಅಂದ್ಕಂಡು ಬಂದವ್ರೇ."

"ಏನು ಬೇಕು ನಿಮಗೆ? ಕೂಲಿ ಜಾಸ್ತಿ ಮಾಡಬೇಕಾ?"

"ಮಾಡಿದ್ರೆ ಬ್ಯಾಡ ಅನ್ನಾಕಿಲ್ಲ" ಎಂದಳು ಕ್ಯಾತಮ್ಮ. "ಆದ್ರೆ ಕೂತಿರೋದು ಅದಕ್ಕಲ್ಲ. ಆ ಬಾಗ್ಲಲ್ಲಿ ಕೊಡವ್ಸೋದು ನಿಲ್ಬೇಕು. ಅಷ್ಟೇಯ. ಮೊನ್ನೆದೊಂದೇ ಅಲ್ಲ ಕಣ್ರಮ್ಮ. ದಿನಾಲೂ ಕೊಡವ್ತಿದ್ವಲ್ಲ, ಆಗೆಲ್ಲ ನಮ್ಗೂ ಏನೂ ಅನ್ನಿಸ್ತಿರ್ನಿಲ್ಲ. ಕೈಕಾಲು ತೊಳ್ಕಳ್ಳೋ ಹಂಗೆ ಕೊಡವಿ ಬತ್ತಿದ್ವಿ. ಈಗ ನೆನೆಸ್ಕಂಡ್ರೆ ಅದೇ ಕಷ್ಟ ಆಗ್ತದೆ."

ಶಿವರುದ್ರಮ್ಮ ಅಷ್ಟು ಕೇಳಿಕೊಂಡು ಹಿಂದಕ್ಕೆ ಬಂದಳು.

"ಹೆಸರು?" ಎಂದ ತೋಂಟದಾರ್ಯ.

"ಯಾರೂ ಇಲ್ಲವಂತೆ."

"ಯಾರೂ ಇಲ್ಲದೆ ಹೇಗೆ ಅತ್ತೆ?"

"ನೀನೂ ಹೋದ ತಿಂಗಳು ಹಸಿರು ಟವೆಲ್ ಹಾಕ್ಕೊಂಡು ತಾಲ್ಲೂಕು ಕಛೇರಿ ಮುಂದೆ ಕೂತಿದ್ದೆಯಲ್ಲಪ್ಪ. ನಿನ್ನನ್ನ ಎತ್ತಿಕಟ್ಟಿದೋರು ಯಾರು?"

ಅವಳು ಚುಚ್ಚಲು ಕೇಳಿದ್ದಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ್ದಳು. ಅವನ ಮುಖ ಕೆಂಪಾಯಿತು. "ಅದು ಬೇರೆ. ನಾವು ಬೆಳೆಗಾರರು, ಕರೆಂಟಿಲ್ಲದೆ ತೋಟ ಒಣಗ್ತಿತ್ತು. ಅದು ಅನ್ಯಾಯದ ವಿರುದ್ಧ ಕೂತಿದ್ದು. ಇಲ್ಲಿ ಏನಾಗಿದೆ? ಕೈ ಮುಟ್ಟಿದೀವಾ, ಬೈದಿದೀವಾ? ಕಳ್ಳತನ ಆಗದಂಗೆ ನೋಡ್ಕೊಳ್ಳೋದು ತಪ್ಪಾ? ನಾಳೆ ಒಂದೊಂದು ಗಿಟುಕು ಮಡಿಲಿಗೆ ಬಿದ್ರೆ ಈ ಮಂಡಿ ಎಷ್ಟು ದಿನ ಉಳಿಯುತ್ತೆ?" ಮತ್ತೆ ರಸೀತಿ ಪುಸ್ತಕ ಎಳೆದುಕೊಂಡು, "ನೀವು ಹಳಬರು, ನಿಮಗೆ ಗೊತ್ತಾಗಲ್ಲ ಬಿಡಿ" ಎಂದ.

ಐದನೆಯ ದಿನ ಬೆಳಿಗ್ಗೆ ಹುಳಿಯಾರಿನ ಕಡೆಯಿಂದ ಲಾರಿ ಬರುವುದೆಂದು ತಿಳಿಯಿತು. ಹುಚ್ಚರಂಗಯ್ಯ ಹೋಗಿ ಹಳ್ಳಿಗಳಿಂದ ಇಪ್ಪತ್ತೈದು ಹೆಂಗಸರನ್ನು ಒಪ್ಪಿಸಿದ್ದ. ತೋಂಟದಾರ್ಯ ಕೋಣೆಯ ತನಕ ಬಂದು ಹೇಳಿದ: "ನೀವು ಬಾಗಿಲಲ್ಲಿ ನಿಂತು ಒಳಕ್ಕೆ ಕರ್ಕೊಳ್ಳಿ ಅತ್ತೆ. ಹಿರೀರೊಬ್ಬರು ಹೆಂಗಸು ನಿಂತಿದ್ರೆ ಅವರಿಗೂ ಧೈರ್ಯ. ಇವತ್ತೊಂದು ದಿನ ನಡೆದುಬಿಟ್ರೆ ಆಚೆ ಕೂತಿರೋರು ನಾಳೆ ತಾವಾಗೇ ಬರ್ತಾರೆ. ನಿಮ್ಮ ಕೋಣೆ ಮಾತು ಮತ್ತೆ ಎತ್ತಲ್ಲ."

ಲಾರಿ ಧೂಳೆಬ್ಬಿಸಿಕೊಂಡು ಬಂದು ಮಂಡಿಯ ಮುಂದೆ ನಿಂತಿತು. ಹಿಂದಿನ ಹಲಗೆ ಬಿಚ್ಚಿದರು. ಹೊಂಗೆಮರದ ಕೆಳಗಿನವರು ಎದ್ದು ನಿಂತರು, ಆದರೆ ರಸ್ತೆ ದಾಟಲಿಲ್ಲ. ಅಡ್ಡ ಮಲಗಲಿಲ್ಲ, ಬೈಯಲಿಲ್ಲ. ಲಾರಿಯ ಮೇಲಿದ್ದವರೂ ತಮ್ಮಂಥವರೇ ಎಂದು ಅವರಿಗೆ ಗೊತ್ತಿತ್ತು. ಕಂಬಳಿ ಹೊದ್ದ ಒಬ್ಬ ಮುದುಕಿ ಒಂದು ಕಾಲು ಕೆಳಗಿಳಿಸಿ, ಎದುರಿಗಿದ್ದ ಶಿವರುದ್ರಮ್ಮನ ಕಡೆಗೆ ಕೈ ಚಾಚಿದಳು.

"ಒಸಿ ಕೈ ಕೊಡವ್ವ, ಇಳೀತೀನಿ."

ಶಿವರುದ್ರಮ್ಮ ಕೈ ಕೊಟ್ಟಳು. ಮುದುಕಿಯ ಅಂಗೈ ಒರಟಾಗಿ, ಬೆಚ್ಚಗಿತ್ತು. ಆಗ ಅವಳು ಆ ಮುಖವನ್ನು ನೋಡಿದಳು. ನೋಡಬೇಕೆಂದು ನೋಡಿದ್ದಲ್ಲ, ಕೈ ಹಿಡಿದ ಮೇಲೆ ನೋಡದೆ ಇರಲು ಆಗಲಿಲ್ಲ.

"ಇಳಿಯೋಕೆ ಮುಂಚೆ ಒಂದು ಮಾತು ಹೇಳ್ತೀನಿ" ಎಂದಳು. ಎಂದಿನ ಸಪ್ಪೆ ದನಿ, ಏರಲೂ ಇಲ್ಲ, ನಡುಗಲೂ ಇಲ್ಲ. "ಸಂಜೆ ಹೋಗುವಾಗ ನೀವು ಇಲ್ಲಿ ನಿಂತು ಸೆರಗು ಬಿಚ್ಚಿ ಮಡಿಲು ಕೊಡವಬೇಕು. ದಿನಾಲೂ. ಕೊಡವಿಸೋಳು ನಾನೇ. ಹೋದ ವಾರ ಆ ಮರದ ಕೆಳಗೆ ಕೂತಿದಾಳಲ್ಲ ಹಸಿರು ಸೀರೆಯವಳು, ಅವಳ ಮಡಿಲಕ್ಕೀನ ಇದೇ ಹೊಸ್ತಿಲ ಮೇಲೆ ಕೊಡವಿಸ್ದೆ. ಅದಕ್ಕೇ ಅವರು ಹೊರಗೆ ಕೂತಿರೋದು. ಇದನ್ನ ರೈಟರು ನಿಮಗೆ ಹೇಳಿರಲ್ಲ."

ಮುದುಕಿ ಅವಳನ್ನೂ ಮರದ ಕೆಳಗಿನವರನ್ನೂ ನೋಡಿದಳು. "ಬಸುರೀದಾ?"

"ಹೂಂ."

ಮುದುಕಿ ಇಳಿಸಿದ್ದ ಕಾಲನ್ನು ಮೇಲಕ್ಕೆಳೆದುಕೊಂಡಳು. ಹಿಂದೆ ತಿರುಗಿ ತನ್ನವರಿಗೆ ಏನೋ ಅಂದಳು. ಲಾರಿಯ ಮೇಲೆ ಗುಜುಗುಜು ಎದ್ದಿತು. ಹುಚ್ಚರಂಗಯ್ಯ ಓಡಿಬಂದು, "ಆ ಅಮ್ನೋರಿಗೆ ಅರಳು ಮರಳು, ಇಳೀರಮ್ಮ ಇಳೀರಿ" ಎಂದು ಅಂಗಲಾಚಿದ. "ನಮ್ಮನ್ನ ಬಂದಲ್ಲಿಗೆ ಬುಡಪ್ಪ" ಎಂದಳು ಮುದುಕಿ. ಅರ್ಧ ಗಂಟೆ ಮಾತು ನಡೆಯಿತು. ಕೊನೆಗೆ ಲಾರಿ ಹಿಂದಕ್ಕೆ ತಿರುಗಿತು.

ತೋಂಟದಾರ್ಯ ಬಾಗಿಲಲ್ಲಿ ನಿಂತಿದ್ದ. ಕೂಗಾಡಲಿಲ್ಲ. "ಅಪ್ಪ ನಿಮ್ಮನ್ನ ತಂದಿಟ್ಕೊಂಡಿದ್ದು ಇದಕ್ಕಾ ಅತ್ತೆ?" ಎಂದ.

"ಗೊತ್ತಿಲ್ಲಪ್ಪ. ಅವಳಿಗೆ ಹೇಳದೆ ಹೇಗೆ ಇಳಿಸ್ಕೊಳ್ಳಲಿ?"

"ಈಗ ಎಲ್ಲಿಗೆ ಹೋಗ್ತೀರಿ?"

ಅದೂ ಅವಳಿಗೆ ಗೊತ್ತಿರಲಿಲ್ಲ. ಕೋಣೆಗೆ ಹೋಗಿ ಪೂಜೆಯ ಗಂಟು, ಎರಡು ಸೀರೆ ತೆಗೆದುಕೊಂಡಳು. ಅವನು ತಡೆಯಲಿಲ್ಲ, ಹೋಗು ಎನ್ನಲೂ ಇಲ್ಲ. ಹಣೆಗೆ ಕೈಯಿಟ್ಟು ಗದ್ದುಗೆಯ ಮೇಲೆ ಕೂತಿದ್ದ.

ಶಿವರುದ್ರಮ್ಮ ರಸ್ತೆ ದಾಟಿದಳು. ಎದೆಯೊಳಗೆ ಭಯವಾಗಲಿ ಹಗುರವಾಗಲಿ ಇರಲಿಲ್ಲ. ಬಿಸಿಲು ನೆತ್ತಿಗೆ ಬಡಿಯುತ್ತಿತ್ತು, ಅದಷ್ಟೇ ತಿಳಿಯುತ್ತಿತ್ತು. ಯಾರೂ ಅವಳನ್ನು ಹೊಗಳಲಿಲ್ಲ. ಕ್ಯಾತಮ್ಮ ಪಕ್ಕಕ್ಕೆ ಸರಿದು, "ಬಿಸ್ಲಲ್ಲಿ ಯಾಕೆ ನಿಂತೀರಿ, ಇಲ್ಲಿ ಕೂತ್ಕಳಿ. ರೊಟ್ಟಿ ಐತೆ, ನಮ್ಮ ಮನೇದು ತಿಂತೀರೋ ಇಲ್ವೋ" ಎಂದಳು.

ಅವಳು ಕೂತಳು. ರೊಟ್ಟಿ ಇಸಕೊಂಡಳು. ಒಂದು ತುತ್ತು ತಿಂದು, ಪಕ್ಕದಲ್ಲಿ ಬೇರೆಲ್ಲೋ ನೋಡುತ್ತಿದ್ದ ಚಿತ್ತಮ್ಮನ ಕಡೆಗೆ ತಿರುಗಿದಳು.

"ಮಗು ಒದೀತದಾ?" ಎಂದು ಕೇಳಿದಳು.

ರಸ್ತೆಯಲ್ಲೊಂದು ಎತ್ತಿನಗಾಡಿ ಹೋಯಿತು. ಅದು ತಿರುವಿನಲ್ಲಿ ಮರೆಯಾದ ಮೇಲೆ ಚಿತ್ತಮ್ಮ, ಶಿವರುದ್ರಮ್ಮನ ಕಡೆಗೆ ನೋಡದೆಯೇ ಹೇಳಿದಳು:

"ಬೆಳಿಗ್ಗೆಯಿಂದ ಒದ್ದಿರ್ನಿಲ್ಲ. ಆ ಲಾರಿ ತಿರುಗ್ತಲ್ಲ, ಆ ಸದ್ದಿಗೆ ಒದೀತು."