ಕುಬ್ಲು ಹೊಯ್ದ ದಪ್ಪ ಎಣ್ಣೆ

ಉಲಾಯುಕ್ ಮುದುಕಿ ಗಾಡಿಯ ಗುಂಡಿ ಒತ್ತಿದಳು. ನಾಲ್ಕು ದಪ್ಪ ಚಕ್ರದ ಆ ಎಟಿವಿ ಗುರ್ ಅಂದು, ಒಮ್ಮೆ ಕೆಮ್ಮಿ, ಸುಮ್ಮನಾಯಿತು. ನಿನ್ನೆಯೂ ಇದೇ ಕಥೆ, ಮೊನ್ನೆಯೂ ಇದೇ ಕಥೆ. ನವೆಂಬರ್ ಬಂತೆಂದರೆ ಉತ್ತರ ಧ್ರುವದ ಹತ್ತಿರದ ನುನಾವುತ್‌ನ ಆ ಹಳ್ಳಿಯಲ್ಲಿ ಮೂಗಿನೊಳಗಿನ ಕೂದಲೂ ಸೆಟೆದು ನಿಲ್ಲುತ್ತದೆ, ಇನ್ನು ಇಂಜಿನ್ ಪಾಡೇನು!

"ಮಲಗು, ಮಲಗು! ಊರೆಲ್ಲ ಕೆರೆಗೆ ಹೋಗಿ ಮೀನು ಹೊತ್ತು ತಂದಾಯ್ತು, ನೀನು ಹಾಯಾಗಿ ಮಲಗು," ಎಂದು ಸೀಟಿಗೆ ಒಂದೇಟು ಕೊಟ್ಟಳು.

ಕೆರೆಯ ಮೇಲಿನ ಮಂಜುಗಡ್ಡೆ ಗಾಡಿ ಹೊರುವಷ್ಟು ಗಟ್ಟಿಯಾಗಿ, ನೆಲದ ಮೇಲೆ ಹಿಮ ಇನ್ನೂ ತೆಳ್ಳಗಿರುವುದು ಈ ಕೆಲವೇ ದಿನ. ಆಮೇಲೆ ಎಟಿವಿ ಹೂತುಹೋಗುತ್ತದೆ. ಗಡ್ಡೆಗೆ ತೂತು ಕೊರೆದು, ಗಾಳ ಬಿಟ್ಟು, ಕೆಂಪು ಹೊಟ್ಟೆಯ ಚಾರ್ ಮೀನು ಎಳೆಯುವುದನ್ನು ಅವಳೂ ಗಂಡ ಕುಬ್ಲುವೂ ಒಂದು ವರ್ಷವೂ ತಪ್ಪಿಸಿದವರಲ್ಲ. ಕುಬ್ಲು ಈ ವಸಂತದಲ್ಲಿ ತೀರಿಕೊಂಡ. ಒಬ್ಬಳಾದರೂ ಸರಿ, ಕೆರೆಗೆ ಹೋಗಿಯೇ ಸಿದ್ಧ ಎಂದು ಅವಳ ಹಟ.

ಸ್ವಲ್ಪ ಹೊತ್ತಿಗೆ ಮೊಮ್ಮಗಳು ಅಪಾಕ್ ಬಂದಳು. ವಿಮಾನ ಇಳಿಯುವ ಬಯಲಲ್ಲಿ ಕೆಲಸ ಮಾಡುವ ಗಟ್ಟಿ ಹೆಂಗಸು. ಕಂಕುಳಲ್ಲಿ ಎಣ್ಣೆಯ ಡಬ್ಬಿ.

"ಏನು ಮಗಳೇ, ಇನ್ನೂ ಹೊರಟಿಲ್ವಾ?"

"ಎಲ್ಲಿಗೆ ಹೊರಡ್ಲಿ ಅಪ್ಪಾ? ಇದು ಏಳಲ್ಲ ಅಂತಿದೆ."

ಅಜ್ಜಿಗೆ ಮೊಮ್ಮಗಳು ಅಪ್ಪ, ಮೊಮ್ಮಗಳಿಗೆ ಅಜ್ಜಿ ಮಗಳು. ಅವರಲ್ಲಿ ಹಾಗೇ. ಸತ್ತವರ ಹೆಸರು ಹೊತ್ತ ಕೂಸು ಅವರ ಸಂಬಂಧವನ್ನೂ ಹೊತ್ತೇ ಬರುತ್ತದೆ. ಅಪಾಕ್ ಎಂಬುದು ಉಲಾಯುಕ್‌ಳ ಅಪ್ಪನ ಹೆಸರು. ಪಾಪ ಕುಬ್ಲು, ಹೆಂಡತಿಯ ಬೆನ್ನಜೋಳಿಗೆಯಲ್ಲಿ ಉಚ್ಚೆ ಹೊಯ್ದುಕೊಂಡು ಅರಚುತ್ತಿದ್ದ ಆ ಕೂಸಿಗೂ "ಮಾವಾ, ನೀವು" ಅಂತಲೇ ಮಾತಾಡಿದವನು. ಸಾಯುವ ತನಕ ಆ ಮಾವನೆದುರು ಒಂದು ತಮಾಷೆ ಮಾಡಲಿಲ್ಲ, ಒಂದು ಸುಳ್ಳಾಡಲಿಲ್ಲ.

ಅಪಾಕ್ ಇಂಜಿನ್ನಿನ ಅಳತೆಕಡ್ಡಿ ಎಳೆದು ಹಿಡಿದಳು. ಎಣ್ಣೆ ತೊಟ್ಟಿಕ್ಕಲಿಲ್ಲ, ಮೇಣದ ಹಾಗೆ ಅಂಟಿಕೊಂಡೇ ಇತ್ತು.

"ನೋಡು. ಇಪ್ಪತ್ತು-ಐವತ್ತು, ಬೇಸಿಗೆಯ ಎಣ್ಣೆ. ಮೊದಲನೇ ಅಂಕಿ ಚಳಿದು ಮಗಳೇ. ಅದು ಚಿಕ್ಕದಾದಷ್ಟೂ ಎಣ್ಣೆ ಚಳೀಲಿ ಸಲೀಸಾಗಿ ಹರಿಯುತ್ತೆ. ಇದು ಸೊನ್ನೆ-ನಲವತ್ತು." ಕಂಕುಳಿನ ಡಬ್ಬಿ ಅಲ್ಲಾಡಿಸಿದಳು. ರಾತ್ರಿಯೆಲ್ಲ ಹೊರಗೇ ಇದ್ದ ಡಬ್ಬಿ, ಆದರೂ ಒಳಗೆ ನೀರಿನ ಹಾಗೆ ಕುಲುಕಿತು.

"ನಿನ್ನ ಅಳಿಯ ಜೀವಮಾನವೆಲ್ಲ ಆ ದಪ್ಪದ್ದೇ ಹಾಕ್ದ. ಅವನ ಗಾಡಿ ಓಡ್ಲಿಲ್ವಾ?"

"ಓಡ್ತಿತ್ತು, ಅವನು ಮಾಡ್ತಿದ್ದ ಚಾಕರಿಗೆ!"

ಚಾಕರಿಯೇ ಸರಿ. ಸಂಜೆ ಬಂದವನು ಇಂಜಿನ್ ಬಿಸಿ ಇರುವಾಗಲೇ ಎಣ್ಣೆಯನ್ನೆಲ್ಲ ಪಾತ್ರೆಗೆ ಇಳಿಸಿ ಮನೆಯೊಳಗೆ ತರುತ್ತಿದ್ದ. ಬೆಳಿಗ್ಗೆ ಅದನ್ನು ಒಲೆಯ ಮೇಲಿಟ್ಟು, ಕೈ ಸುಡುವಷ್ಟು ಕಾಯಿಸಿ, ಗಾಡಿಗೆ ಹೊಯ್ದು ಎಬ್ಬಿಸುತ್ತಿದ್ದ. ಎಣ್ಣೆ ಕಾಯುವ ತನಕ ಚಹಾ, ಬಾಣಲೆ ರೊಟ್ಟಿ, ಅವನ ರಾತ್ರಿಯ ಕನಸಿನ ವರದಿ. ಆ ಕನಸುಗಳಿಗೆ ತಲೆಯೂ ಇಲ್ಲ, ಬುಡವೂ ಇಲ್ಲ. ಒಮ್ಮೆಯಂತೂ ಹಿಮಕರಡಿ ಬಂದು ಇವಳ ಚಪ್ಪಾಳೆಗೆ ಕುಣಿದಿತ್ತು. ಇವಳು ನಗುತ್ತಲೇ ಬೈಯುತ್ತಿದ್ದಳು: "ಊರೆಲ್ಲ ಹೋಗಾಯ್ತು, ನಮ್ಮದು ಇನ್ನೂ ಎಣ್ಣೆ ಸ್ನಾನ!" ಎಂಥ ಬೆಳಗುಗಳು ಅವು!

"ನಾನೂ ಹಾಗೇ ಮಾಡ್ತೀನಿ," ಅಂದಳು ಉಲಾಯುಕ್.

"ಇಂಜಿನ್ ಓಡಿ ಬಿಸಿಯಾದ್ರೆ ತಾನೆ ಎಣ್ಣೆ ಇಳಿಯೋದು? ಇರ್ಲಿ, ತಾಡಪಾಲು ಹೊದಿಸಿ ಕೆಳಗೆ ಸ್ಟೌ ಇಟ್ಟು ಎಬ್ಬಿಸ್ತೀನಿ ಅಂತಿಟ್ಕೋ. ಕೆರೆ ಮೇಲೆ ಅರ್ಧ ದಿನ ನಿಂತು ಮತ್ತೆ ಹೆಪ್ಪುಗಟ್ಟುತ್ತಲ್ಲ, ಅಲ್ಲಿ ಸ್ಟೌ ಹಚ್ಚಿ ಎಬ್ಬಿಸೋಕೆ ಅವನಿಲ್ವಲ್ಲ, ಈಗ ಯಾರು ಎಬ್ಬಿಸ್ತಾರೆ? ನಡ್ಕೊಂಡು ಬರ್ತೀಯಾ? ಈ ಎಣ್ಣೆ ತೆಗೀಲೇಬೇಕು."

"ಬೇಡ."

"ಯಾಕೆ ಬೇಡ?"

"ಬೇಡ ಅಂದ್ರೆ ಬೇಡ! ಅವನು ಹೊಯ್ದ ಎಣ್ಣೆ ಅದು!" ಮುದುಕಿ ಇಂಜಿನ್ನಿಗೆ ಕೈ ಅಡ್ಡ ಹಿಡಿದಳು. "ಬಟ್ಟೆ ಕೊಟ್ಟಾಯ್ತು, ಬಂದೂಕು ಕೊಟ್ಟಾಯ್ತು. ಅವನ ಕೈ ಕೊನೇಗೆ ಮಾಡಿದ ಕೆಲಸ ಇದೊಂದೇ ಉಳಿದಿರೋದು. ಅದನ್ನೂ ಚೆಲ್ಲು ಅಂತೀಯಾ?"

ಅಪಾಕ್‌ಳ ಕಣ್ಣು ಒದ್ದೆಯಾಯಿತು. ಅಪ್ಪನಾಗಿ ಈ ಮುದುಕಿಯನ್ನು ಛೇಡಿಸಿದ್ದುಂಟು, ಮುದ್ದು ಮಾಡಿದ್ದುಂಟು. ಅಪ್ಪಣೆ ಮಾತ್ರ ಇಲ್ಲಿವರೆಗೆ ಕೊಟ್ಟಿರಲಿಲ್ಲ. ಇವತ್ತು ಅವಳೆದುರು ಬಂದು ನೆಟ್ಟಗೆ ನಿಂತಳು.

"ಮಗಳೇ, ನಿನ್ನ ಅಪ್ಪ ಹೇಳ್ತಿದ್ದೀನಿ. ನೀನು ಕೆರೆ ಮೇಲೆ ಚಳೀಲಿ ಸಾಯೋದನ್ನ ನಾನು ನೋಡಲಾರೆ. ತೆಗಿ."

ಉಲಾಯುಕ್ ಮೊಮ್ಮಗಳ ಮುಖವನ್ನೇ ನೋಡಿದಳು. ಮೊಮ್ಮಗಳಾಗಿದ್ದರೆ ಬೈದು ಅಟ್ಟಬಹುದಿತ್ತು, ಅಪ್ಪನಿಗೆ ಎದುರಾಡುವುದು ಹೇಗೆ? ಅಪಾಕ್ ತಾಡಪಾಲು ಹೊದಿಸಿ, ಸ್ಟೌ ಹಚ್ಚಿ, ಇಂಜಿನ್ ಬೆಚ್ಚಗಾದ ಮೇಲೆ ಸ್ಪ್ಯಾನರ್ ಕೊಟ್ಟಳು. ಮುದುಕಿ ತಾನೇ ಬಗ್ಗಿ ಅಡಿಯ ಬೋಲ್ಟ್ ಬಿಚ್ಚಿದಳು. ಕಪ್ಪು ಎಣ್ಣೆ ಬೋಗುಣಿಗೆ ಇಳಿಯತೊಡಗಿತು. ಕೊನೆಯ ಹನಿ ಬೀಳುವ ತನಕ ಅವಳು ಕದಲಲಿಲ್ಲ. ಆಮೇಲೆ ಹೊಸ ಎಣ್ಣೆ ಹೊಯ್ದರು. ಸ್ಟೌ ಆರಿಸಿ, ತಾಡಪಾಲು ತೆಗೆದು, ಗಾಡಿಯನ್ನು ಮಧ್ಯಾಹ್ನದವರೆಗೆ ಚಳಿಯಲ್ಲೇ ಬಿಟ್ಟರು. ಕೆರೆಯ ಮೇಲೆ ಎದ್ದೀತೋ ಇಲ್ಲವೋ ಎಂದು ಇಲ್ಲೇ ನೋಡಿಬಿಡೋಣ ಅಂತ.

ಮಧ್ಯಾಹ್ನ ಉಲಾಯುಕ್ ಗುಂಡಿ ಒತ್ತಿದಳು. ಬೆರಳು ತೆಗೆಯುವ ಮೊದಲೇ ಇಂಜಿನ್ ಎದ್ದಿತ್ತು.

ಅವಳಿಗೆ ಖುಷಿಯಾಗಲಿಲ್ಲ. "ಇಷ್ಟೇನಾ?" ಅಂದಳು. "ಇಷ್ಟು ಬೇಗ ಆಗಿಹೋಯ್ತಾ? ಈ ಎಣ್ಣೆ ಅಂಗಡಿಗೆ ಯಾವಾಗ ಬಂತು?"

"ಎಷ್ಟೋ ವರ್ಷದಿಂದ ಇದೆ."

"ಅಯ್ಯೋ, ಆ ಪೆದ್ದನಿಗೆ ಗೊತ್ತೇ ಇರ್ಲಿಲ್ವಲ್ಲ!"

"ಗೊತ್ತಿತ್ತು." ಅಪಾಕ್ ಕೈಗವಸು ತಿರುವುತ್ತ ನಿಂತಳು. "ಹೋದ ಚಳಿಗಾಲ ನಾನೇ ಕೇಳಿದ್ದೆ, ಯಾಕೆ ಈ ಪಾಡು ಪಡ್ತೀಯ ಅಂತ. ಮಾವ ಕೇಳಿದ್ಮೇಲೆ ಸುಳ್ಳು ಹೇಳೋಕಾಗುತ್ತಾ? ತಲೆ ತಗ್ಗಿಸ್ಕೊಂಡು ಹೇಳ್ದ: 'ಗೊತ್ತು ಮಾವಾ. ತೆಳು ಎಣ್ಣೆ ಹಾಕಿದ್ರೆ ಎದ್ದ ತಕ್ಷಣ ಹೊರಡಬೇಕಾಗುತ್ತೆ. ಇದಾದ್ರೆ ಕಾಯೋ ತನಕ ನಿಮ್ಮ ಮಗಳು ನನ್ನ ಜೊತೆ ಕೂತಿರ್ತಾಳೆ. ಅವಳಿಗೆ ಹೇಳ್ಬೇಡಿ, ಬೈತಾಳೆ' ಅಂತ."

"ಕಳ್ಳ!" ಅಂದಳು ಮುದುಕಿ. "ದಿನಾ ಬೆಳಿಗ್ಗೆ ನನ್ನ ಕೈಲಿ ಬೈಸ್ಕೊಂಡು ಕೂತಿದ್ನಲ್ಲ, ಕಳ್ಳ!" ಅಳು ತಡೆಯಲಾಗದೆ ಹ್ಯಾಂಡಲ್ ಹಿಡಿದು ಬಿಕ್ಕಿದಳು. ಆಮೇಲೆ ತೋಳಿನಿಂದ ಕಣ್ಣೊರೆಸಿಕೊಂಡು, ಚೆನ್ನಾಗಿ ಓಡುತ್ತಿದ್ದ ಇಂಜಿನ್ನಿನ ಕೀಲಿ ತಿರುಗಿಸಿ ಆರಿಸಿಬಿಟ್ಟಳು.

"ಯಾಕೆ ಮಗಳೇ? ಹೊತ್ತಾಗುತ್ತೆ."

"ಆಗ್ಲಿ. ಒಳಗೆ ಬಾ ಅಪ್ಪಾ," ಅಂದಳು ಉಲಾಯುಕ್. "ಸ್ವಲ್ಪ ಹೊತ್ತು ಕೂತಿದ್ದು ಹೋಗೋಣ."