ಕೆಲಸ ಬಿಡಿಸಿದ ಕಾರಣ

ಬೆಂಕಿಕಡ್ಡಿ ಗೀರಿದ ಸದ್ದಿಗೆ ರಹಮತ್ ಬಿಗೆ ಎಚ್ಚರವಾಯಿತು. ಪಕ್ಕದಲ್ಲಿ ಮಲಗಿದ್ದ ಮಗಳು ಏಳಬಾರದೆಂದು ಮೈ ಕದಲಿಸದೆ ನೋಡಿದಳು. ಗಂಡ ಖುದ್ದೂಸ್ ಕತ್ತಲಲ್ಲಿ ಗೋಡೆಗೆ ಒರಗಿ ಕೂತಿದ್ದ. ಬಾಯಲ್ಲಿ ಬೀಡಿ ಇರಲಿಲ್ಲ. ಒಂದು ಅಂಗೈಯಿಂದ ಎಡಗಣ್ಣು ಮುಚ್ಚಿಕೊಂಡು, ಉರಿಯುವ ಕಡ್ಡಿಯನ್ನು ಬಲಗಣ್ಣಿನ ಮುಂದೆ ಅತ್ತಿತ್ತ ಆಡಿಸುತ್ತಿದ್ದ. ಬೆರಳು ಸುಡುವವರೆಗೆ ಹಿಡಿದಿದ್ದು ಅದನ್ನು ಎಸೆದು, ಇನ್ನೊಂದು ಗೀರಿದ.

ಕೇಳಬೇಕೆನಿಸಿತು, ಕೇಳಲಿಲ್ಲ. ಬೆಳಿಗ್ಗೆ ಗುಂಡ್ಲುಪೇಟೆಗೆ ಹೋಗುವುದಿತ್ತು. ಚಾಮರಾಜನಗರದ ಟೂರಿಂಗ್ ಟಾಕೀಸಿನಲ್ಲಿ ಪ್ರೊಜೆಕ್ಟರ್ ಆಪರೇಟರ್ ಆಗಿದ್ದ ಅವನನ್ನು ದೀಪಾವಳಿಯ ಮುಂಚೆ ಬಿಡಿಸಿದ್ದರು. ಸಂಬಳ ಹೆಚ್ಚು ಕೇಳಿದ್ದಕ್ಕೆ ಎಂದು ಮನೆಯಲ್ಲಿ ಹೇಳಿದ್ದ. ನಂಜನಗೂಡಿಗೂ ಕೊಳ್ಳೇಗಾಲಕ್ಕೂ ಕೆಲಸ ಹುಡುಕಿಕೊಂಡು ಹೋಗಿ ಬರಿಗೈಯಲ್ಲಿ ಬಂದಿದ್ದ. ಮನೆಯ ತಾಮ್ರದ ಹಂಡೆ ಮಾರಿಯಾಗಿತ್ತು. ರಹಮತ್ ಬಿ ಹೊಲಿಯುವ ರವಿಕೆಗಳಿಂದ ಒಲೆ ಒಂದು ಹೊತ್ತು ಉರಿಯುತ್ತಿತ್ತು. ಗುಂಡ್ಲುಪೇಟೆಯ ಟೆಂಟ್ ಸಿನಿಮಾದ ಮಾಲೀಕ ಸಂಸಾರಸ್ಥರನ್ನು ಮಾತ್ರ ಇಟ್ಟುಕೊಳ್ಳುತ್ತಾನೆ, ಒಂಟಿ ಗಂಡಸರು ಹೇಳದೆ ಕೇಳದೆ ಓಡಿಹೋಗುತ್ತಾರೆ ಎನ್ನುತ್ತಾನೆ ಎಂದು ಯಾರೋ ಹೇಳಿದ್ದರು. ಹಾಗಾಗಿ ಅವಳೂ ಮಗಳನ್ನು ತಾಯಿಯ ಮನೆಯಲ್ಲಿ ಬಿಟ್ಟು, ಬುರ್ಖಾ ಹಾಕಿಕೊಂಡು ಬಸ್ಸು ಹತ್ತಿದಳು.

ಊರಾಚೆಯ ಬಯಲಲ್ಲಿ ಟೆಂಟು ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿತ್ತು. ಮಾಲೀಕ ಗಂಗಾಧರಸ್ವಾಮಿ ಟಿಕೆಟ್ ಗೂಡಿನ ನೆರಳಲ್ಲಿ ಕಬ್ಬಿಣದ ಕುರ್ಚಿ ಹಾಕಿಕೊಂಡಿದ್ದ. ತುಂಡಾದ ರೀಲು ಅಂಟಿಸುವುದು ಹೇಗೆ, ಎಂಜಿನ್ ಕೆಟ್ಟರೆ ಏನು ಮಾಡುತ್ತೀಯ ಎಂದು ಒಂದೊಂದೇ ಕೇಳಿದ. ಖುದ್ದೂಸ್ ತಡವರಿಸದೆ ಹೇಳಿದ. ರಹಮತ್ ಬಿಗೆ ಎದೆ ಸ್ವಲ್ಪ ಹಗುರಾಯಿತು.

"ಎಲ್ಲಾ ಬತ್ತದೆ ಅಂತೀಯ. ಅಂಗಿದ್ಮೇಲೆ ಅವ್ರು ಯಾಕ್ ಬುಡ್ಸುದ್ರು?"

"ಕುಡೀತಿದ್ದೆ ಸ್ವಾಮಿ," ಎಂದ ಖುದ್ದೂಸ್. "ಅದಕ್ಕೇ ಬಿಡಿಸಿದ್ರು."

ರಹಮತ್ ಬಿ ಅವನತ್ತ ತಿರುಗಿದಳು. ಮದುವೆಯಾದಂದಿನಿಂದ ಅವನು ಹೆಂಡದಂಗಡಿ ಇದ್ದ ಬೀದಿಯಲ್ಲಿ ನಡೆದದ್ದನ್ನೂ ಕಂಡವಳಲ್ಲ.

ಗಂಗಾಧರಸ್ವಾಮಿ ನಕ್ಕ. "ಸಾಬ್ರು ಕುಡುದ್ರೆ ನಿಮ್ ಮಸೀದಿಯೋರು ಸುಮ್ಕಿರ್ತಾರಾ?" ಆಮೇಲೆ ನಗು ನಿಲ್ಲಿಸಿ ಅವಳ ಕಡೆ ತಿರುಗಿದ. "ಏನಮ್ಮ, ದಿಟ್ವಾ? ಬ್ಯಾರೆ ಏನಾರ ಇದ್ರೆ ಈಗ್ಲೇ ಏಳ್ಬುಡು. ಜನ ಮಕ್ಕಳು ಮರಿ ಕಟ್ಕೊಂಡ್ ಬತ್ತಾರೆ ಇಲ್ಗೆ. ನಮ್ವು ಹಳೇ ರೀಲು. ಕಿಡಿ ಸೋಕುದ್ರೆ ಸೀಮೆಎಣ್ಣೆ ಅತ್ಕಂಡಂಗೆ ಅತ್ಕತದೆ."

ಖುದ್ದೂಸ್ ಮುಖವೆತ್ತಿ ಅವಳನ್ನು ನೋಡಿದ. ನೋಟ ಅವಳ ಮೇಲೆ ಬೀಳಲಿಲ್ಲ, ಪಕ್ಕದ ಕಂಬದ ಮೇಲೆ ಬಿತ್ತು. ರಾತ್ರಿಯ ಬೆಂಕಿಕಡ್ಡಿಗಳು ಅವಳ ನೆನಪಿಗೆ ಬಂದವು. ಇತ್ತೀಚೆಗೆ ಅವನು ಚಹಾದ ಲೋಟವನ್ನು ನೆಲದ ಮೇಲೆ ಕೈಯಾಡಿಸಿ ಹುಡುಕುತ್ತಿದ್ದುದು, ಮಗಳು ಬಾಗಿಲಲ್ಲಿ ನಿಂತರೆ ಯಾರು ಎಂದು ಕೇಳುತ್ತಿದ್ದುದು, ಎಲ್ಲ ಒಟ್ಟಿಗೆ ಅರ್ಥವಾಯಿತು.

"ಕುಡೀತಿದ್ರು ಸ್ವಾಮಿ," ಎಂದಳು. "ಈಗ ಬಿಟ್ಟಿದ್ದಾರೆ."

"ಬುಟ್ಟೋರ್ನ ನಾನೂ ಬೇಕಾದಷ್ಟ್ ನೋಡಿವ್ನಿ ಬುಡು."

ಸಂಬಳ ಹೆಂಡತಿಯ ಕೈಗೇ ಕೊಡುವುದಾಗಿಯೂ, ವಾಸನೆ ಬಂದರೆ ಅವತ್ತೇ ಓಡಿಸುವುದಾಗಿಯೂ ಹೇಳಿ, ಸಂಜೆಯ ಆಟಕ್ಕೇ ಬಾ ಎಂದ.

ಟೆಂಟಿನ ಹಿಂದೆ ಯಾರೂ ಇಲ್ಲದ ಕಡೆ ಅವಳು ಮನೆಯ ಮಾತಾದ ಉರ್ದುವಿನಲ್ಲಿ ಅವನ ಕಣ್ಣಿನ ವಿಷಯ ಮೆಲ್ಲಗೆ ಕೇಳಿದಳು. ಅವನು ಮುಚ್ಚಿಡಲಿಲ್ಲ. ಬಲಗಣ್ಣು ಹೋಗಿತ್ತು. ಎಡಗಣ್ಣಿಗೆ ಮಂಜು ಕವಿದಂತಿತ್ತು. ಪ್ರೊಜೆಕ್ಟರಿನೊಳಗೆ ದೀಪದ ಬದಲು ಉರಿಯುವ ಕಾರ್ಬನ್ ಕಡ್ಡಿಗಳ ಕಣ್ಣು ಕುಕ್ಕುವ ಬೆಳಕನ್ನು ವರ್ಷಗಟ್ಟಲೆ ಬರಿಗಣ್ಣಲ್ಲಿ ನೋಡಿದ್ದ. ಚಾಮರಾಜನಗರದಲ್ಲಿ ಒಂದು ರಾತ್ರಿ ರೀಲು ಸಿಕ್ಕಿಕೊಂಡು ಹೊಗೆಯೆದ್ದದ್ದು ಅವನಿಗೆ ಕಾಣಲಿಲ್ಲ. ಟಿಕೆಟ್ ಕೊಡುವವನು ಓಡಿಬಂದು ಉರಿಯುವ ತುಂಡನ್ನು ಕತ್ತರಿಸಿ ಹೊರಗೆಸೆದ. ಜನ ಇಂಟರ್‌ವಲ್ ಎಂದುಕೊಂಡರು. ಲೈಸೆನ್ಸಿಗೆ ತೊಂದರೆಯೆಂದು ಮಾಲೀಕ ಸುದ್ದಿ ಹೊರಬಿಡದೆ ಇವನನ್ನು ಕಳಿಸಿಬಿಟ್ಟ.

"ನಂಜನಗೂಡಲ್ಲಿ ಸಂಬಳದ ಜಗಳ ಅಂದೆ. ಜಗಳಗಂಟ ಬೇಡ ಅಂದರು. ಕೊಳ್ಳೇಗಾಲದಲ್ಲಿ ಕಣ್ಣಿನ ವಿಷಯ ನಿಜವನ್ನೇ ಹೇಳಿದೆ. ಪಾಪ ಅಂದರು, ಕಾಫಿ ಕೊಟ್ಟರು, ಕಳಿಸಿದರು. ಕುಡುಕನನ್ನಾದರೆ ಬೈದು ಇಟ್ಟುಕೊಳ್ಳುತ್ತಾರೆ."

"ಮತ್ತೆ ರೀಲು ಸಿಕ್ಕಿಕೊಂಡರೆ?"

"ಮಿಷನ್ನಿನ ಸದ್ದು ಬದಲಾಗುತ್ತೆ. ಕಿವಿಗೆ ಗೊತ್ತಾಗುತ್ತೆ."

"ಅವತ್ತು ಗೊತ್ತಾಯಿತೇ?"

ಅವನು ಟೆಂಟಿನ ಹಗ್ಗ ತಡವಿಕೊಂಡು ಮುಂದಕ್ಕೆ ನಡೆದ.

ಸಂಜೆ ಹಂಗಳದ ಕಡೆಯಿಂದಲೂ ತೆರಕಣಾಂಬಿಯ ಕಡೆಯಿಂದಲೂ ಗಾಡಿಗಳು ಬಂದವು. ಹೆಂಗಸರ ಕಡೆಯ ಮರಳಿನ ಮೇಲೆ ಕಾಲಿಡಲು ಜಾಗವಿರಲಿಲ್ಲ. ಪರದೆಯ ಮೇಲೆ ಚಿತ್ರ ಮೊದಲು ಮಸುಕಾಗಿ ಬಿತ್ತು. ಗಂಡಸರು ಸಿಳ್ಳೆ ಹೊಡೆದರು. ಬಹಳ ಹೊತ್ತಿನ ಮೇಲೆ ಮುಖಗಳು ಸ್ಪಷ್ಟವಾದವು. ರಹಮತ್ ಬಿ ಪರದೆ ನೋಡುತ್ತಿರಲಿಲ್ಲ. ಹಿಂದಿನ ಗೂಡಿನಿಂದ ಬರುವ ಮಿಷನ್ನಿನ ಕರಕರ ಸದ್ದನ್ನೇ ಕೇಳುತ್ತ, ತನ್ನಿಂದ ಬಾಗಿಲಿಗೆ ಎಷ್ಟು ಜನರನ್ನು ದಾಟಬೇಕೆಂದು ನೋಡುತ್ತಿದ್ದಳು.

ಪಕ್ಕದಲ್ಲಿ ಹಂಗಳದ ಕರಿಬಸಮ್ಮ ಎಂಬವಳು ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. "ಪಟ ಬುಡೋರು ನಿಮ್ಮೆಜಮಾನ್ರಂತೆ ಬೂಬಮ್ಮ? ಪುಣ್ಯವಂತೆ ಬುಡು. ದಿನಾ ಬಿಟ್ಟಿ ಸಿನ್ಮಾ."

ರಹಮತ್ ಬಿ ನಕ್ಕಳು. ಗಂಗಾಧರಸ್ವಾಮಿ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದ. ಎದ್ದು ಹೋಗಿ ಒಂದು ಮಾತು ಹೇಳಿದರೆ ಆಟ ನಿಲ್ಲುತ್ತಿತ್ತು. ಎಲ್ಲರೂ ಬೈದುಕೊಂಡು ಗಾಡಿ ಹತ್ತಿ ಮನೆ ಸೇರುತ್ತಿದ್ದರು. ಬೆಳಿಗ್ಗೆ ಅವಳೂ ಗಂಡನೂ ಚಾಮರಾಜನಗರದ ಬಸ್ಸಿಗೆ ಕಾಯುತ್ತಿದ್ದರು. ಆಮೇಲೆ ಯಾವ ಊರಿಗೆ ಹೋಗಿ ಏನು ಹೇಳುವುದೋ ಅವಳಿಗೆ ತಿಳಿಯಲಿಲ್ಲ. ಮಿಷನ್ನು ಒಂದು ಕ್ಷಣ ತೊದಲಿ ಮತ್ತೆ ಸರಿಹೋಯಿತು.

ಯಾರಿಗೂ ಹೇಳುವುದಿಲ್ಲ, ತಾಯಿಗೂ ಹೇಳುವುದಿಲ್ಲ ಎಂದುಕೊಂಡಳು.

"ಈ ಕಡೆ ಬಂದುಬಿಡಿ ಅಕ್ಕ," ಎಂದು ಕರಿಬಸಮ್ಮನ ತೋಳು ಹಿಡಿದು ಟೆಂಟಿನ ಅಂಚಿಗೆ ಸರಿಸಿಕೊಂಡಳು. "ಮಗುವಿಗೆ ಗಾಳಿ ಬರುತ್ತೆ."

ಕರಿಬಸಮ್ಮ ಪರದೆಯಿಂದ ಕಣ್ಣು ಕೀಳದೆ ಮಗುವನ್ನೆತ್ತಿಕೊಂಡು ತೆವಳಿದಳು. ರಹಮತ್ ಬಿ ಗೂಟಕ್ಕೆ ಕಟ್ಟಿದ್ದ ಹಗ್ಗ ಬಿಚ್ಚಿ, ಟೆಂಟಿನ ಬಟ್ಟೆಯನ್ನು ಮೊಣಕಾಲೆತ್ತರಕ್ಕೆ, ಒಬ್ಬರು ನುಸುಳಿ ಹೊರಬೀಳುವಷ್ಟು ಎತ್ತಿ ಹಿಡಿದು ಕೂತಳು.